ಲಾಗಾನ್ ಸ್ಕ್ರಿಪ್ಟ್ ರನ್ ಆಗಿಲ್ಲ ಎಂದಾಗ ಎಲ್ಲಿ ನೋಡಬೇಕು

ಬೆಂಗಳೂರಿನ ಕಚೇರಿಗಳಲ್ಲಿ ಕಂಪ್ಯೂಟರ್, ಸರ್ವರ್, ನೆಟ್‌ವರ್ಕ್ ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಕೊಟ್ಟ ಉಪನ್ಯಾಸವನ್ನು ಇಲ್ಲಿ ಬರಹಕ್ಕೆ ಇಳಿಸಲಾಗಿದೆ. ಆಜ್ಞೆಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆಯಲಾಗಿದೆ.

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಒಂಬತ್ತೂವರೆಗೆ ಅಕೌಂಟ್ಸ್ ವಿಭಾಗದಿಂದ ಫೋನ್ ಬರುತ್ತದೆ. "ಸರ್, ಟ್ಯಾಲಿ ಡ್ರೈವ್ ಕಾಣ್ತಿಲ್ಲ." ಫೋನ್ ಇಟ್ಟ ಮೇಲೆ ನಾವು ಬರೆದುಕೊಳ್ಳುವುದು "ಲಾಗಾನ್ ಸ್ಕ್ರಿಪ್ಟ್ ರನ್ ಆಗಿಲ್ಲ" ಎಂದು. ಲಾಗಾನ್ ಸ್ಕ್ರಿಪ್ಟ್ ಎಂದರೆ ಬಳಕೆದಾರರು ಲಾಗಿನ್ ಆದಾಗ ವಿಂಡೋಸ್ ತಾನಾಗಿಯೇ ನಡೆಸುವ ಆಜ್ಞೆಗಳ ಫೈಲ್, ಸರ್ವರಿನ ಡ್ರೈವ್ ಜೋಡಿಸುವ ಕೆಲಸವನ್ನು ಅದಕ್ಕೆ ಕೊಟ್ಟಿರುತ್ತೇವೆ. ಅವರು ಹೇಳಿದ್ದು ಕಣ್ಣಿಗೆ ಕಂಡದ್ದು. ನಾವು ಬರೆದದ್ದು ನಮ್ಮ ಊಹೆ. ಡ್ರೈವ್ ಕಾಣದಿರುವುದಕ್ಕೂ ಸ್ಕ್ರಿಪ್ಟ್ ರನ್ ಆಗದಿರುವುದಕ್ಕೂ ನಡುವೆ ಹತ್ತಾರು ಮೆಟ್ಟಿಲುಗಳಿವೆ. ಅವುಗಳಲ್ಲಿ ಯಾವುದು ಮುರಿದಿದೆ ಎಂದು ತಿಳಿಯುವ ಮೊದಲೇ ಸರ್ವರಿನಲ್ಲಿ ಕೈ ಹಾಕಿದರೆ, ಸರಿಯಿದ್ದದ್ದೂ ಕೆಡುತ್ತದೆ.

"ರನ್ ಆಗಿಲ್ಲ" ಎಂಬ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ವಿಂಡೋಸ್ ಆ ಸ್ಕ್ರಿಪ್ಟನ್ನು ಕರೆಯಲೇ ಇಲ್ಲ. ಕರೆಯಿತು, ಆದರೆ ಫೈಲ್ ಸಿಗಲಿಲ್ಲ, ಸಿಕ್ಕರೂ ಓದಲು ಅನುಮತಿ ಇರಲಿಲ್ಲ. ಶುರುವಾಯಿತು, ಯಾವುದೋ ಸಾಲಿನಲ್ಲಿ ನಿಂತುಹೋಯಿತು. ಕೊನೆಯವರೆಗೂ ರನ್ ಆಯಿತು, ಫಲ ಮಾತ್ರ ಬಳಕೆದಾರರಿಗೆ ಕಾಣಲಿಲ್ಲ. ಪೆನ್‌ಡ್ರೈವ್ ಒಂದು ಡ್ರೈವ್ ಅಕ್ಷರವನ್ನು ಹಿಡಿದುಕೊಂಡು ಕುಳಿತಿದ್ದರೆ ಅದು ನಾಲ್ಕನೆಯ ಜಾತಿಗೆ ಹತ್ತಿರದ್ದು. ಅದಕ್ಕೆ ಗ್ರೂಪ್ ಪಾಲಿಸಿಯ (ಸರ್ವರಿನಿಂದ ಎಲ್ಲ ಯಂತ್ರಗಳಿಗೂ ಒಟ್ಟಿಗೆ ಕೊಡುವ ಸೆಟ್ಟಿಂಗುಗಳ) ಲಿಂಕ್ ಬದಲಾಯಿಸುತ್ತ ಕೂತರೆ ಮಧ್ಯಾಹ್ನದ ಊಟದ ಹೊತ್ತಾದರೂ ಡ್ರೈವ್ ಬರುವುದಿಲ್ಲ.

ಮೊದಲು ಸ್ಕ್ರಿಪ್ಟಿನ ಬಾಯಿಂದಲೇ ಕೇಳಿ

ಯಾವ ಜಾತಿಯ ದೋಷ ಎಂದು ಹೇಳಬಲ್ಲದ್ದು ಸ್ಕ್ರಿಪ್ಟ್ ತಾನೇ ಬರೆದಿಡುವ ಲಾಗ್. ಹೆಚ್ಚಿನ ಕಚೇರಿಗಳ ಬ್ಯಾಚ್ ಫೈಲುಗಳಲ್ಲಿ ಇದು ಇರುವುದೇ ಇಲ್ಲ. ಎರಡು ನಿಮಿಷದ ಕೆಲಸ, ದಯವಿಟ್ಟು ಮಾಡಿ.

ಮೊದಲ ಸಾಲಿನಲ್ಲೇ ಎಕೋ ಆಜ್ಞೆಯಿಂದ ದಿನಾಂಕ, ಸಮಯ, ಬಳಕೆದಾರರ ಹೆಸರು, ಕಂಪ್ಯೂಟರಿನ ಹೆಸರು, ಲಾಗಾನ್ ಸರ್ವರಿನ ಹೆಸರು ಈ ಐದನ್ನೂ ಒಂದು ಫೈಲಿಗೆ ಬರೆಯಿಸಿ. ಎಲ್ಲಕ್ಕೂ ವಿಂಡೋಸ್‌ನಲ್ಲಿ ಸಿದ್ಧ ವೇರಿಯಬಲ್‌ಗಳಿವೆ. ಬಾಣದ ಗುರುತು ಎರಡಿರಲಿ. ಒಂದೇ ಹಾಕಿದರೆ ಹಳೆಯ ಲಾಗ್ ಅಳಿಸಿಹೋಗುತ್ತದೆ, ಎರಡು ಹಾಕಿದರೆ ಕೆಳಗೆ ಸೇರುತ್ತ ಹೋಗುತ್ತದೆ. ಡ್ರೈವ್ ಜೋಡಿಸುವ ಪ್ರತಿ ನೆಟ್ ಯೂಸ್ ಸಾಲಿನ ಕೊನೆಯಲ್ಲೂ ಉತ್ತರವನ್ನು ಅದೇ ಫೈಲಿಗೆ ತಿರುಗಿಸಿ. ದೋಷದ ಸಂದೇಶ ಬೇರೆ ದಾರಿಯಲ್ಲಿ ಬರುತ್ತದೆ, ಆದ್ದರಿಂದ 2>&1 ಸೇರಿಸಲು ಮರೆಯಬೇಡಿ. ಕಟ್ಟಕಡೆಗೆ "ಮುಗಿಯಿತು" ಎನ್ನುವ ಅರ್ಥದ ಒಂದು ಸಾಲು, ಸಮಯದ ಜೊತೆ.

ಈ ಫೈಲನ್ನು ಸರ್ವರಿನ ಹಂಚಿಕೆಯ ಫೋಲ್ಡರಿನಲ್ಲಿ ಇಡಬೇಡಿ. ನೆಟ್‌ವರ್ಕೇ ದೋಷವಾಗಿದ್ದರೆ ಲಾಗ್ ಕೂಡ ಬರೆಯಲಾಗದೆ ಹೋಗುತ್ತದೆ. ಟೆಂಪ್ ಫೋಲ್ಡರ್ ಕೂಡ ಅಷ್ಟು ಭದ್ರವಲ್ಲ, ರಿಮೋಟ್ ಡೆಸ್ಕ್‌ಟಾಪ್ ಸರ್ವರುಗಳಲ್ಲಿ ಲಾಗಾಫ್ ಆದೊಡನೆ ಆ ಸೆಷನ್ನಿನ ಟೆಂಪ್ ಅಳಿಸಿಹೋಗುವುದುಂಟು. ಬಳಕೆದಾರರ ಲೋಕಲ್ ಆಪ್‌ಡೇಟಾ ಒಳ್ಳೆಯ ಜಾಗ.

ಈಗ ಆ ಫೈಲ್ ತೆರೆದು ನೋಡಿ. ಇವತ್ತಿನ ತಾರೀಕಿನ ಸಾಲೇ ಇಲ್ಲವೆಂದರೆ ಸ್ಕ್ರಿಪ್ಟನ್ನು ಕರೆದಿಲ್ಲ, ಇಲ್ಲವೇ ಫೈಲ್ ತಲುಪಿಲ್ಲ. ಮೊದಲ ಸಾಲು ಇದೆ, "ಮುಗಿಯಿತು" ಇಲ್ಲ ಎಂದರೆ ನಡುವೆ ನಿಂತಿದೆ, ಎಲ್ಲಿ ನಿಂತಿದೆ ಎಂಬುದೂ ಅಲ್ಲೇ ಕಾಣುತ್ತದೆ. ಎರಡೂ ಇದ್ದರೆ ನಡುವಿನ ದೋಷದ ಸಂಖ್ಯೆ ಓದಿ. ಇನ್ನೊಂದನ್ನು ಗಮನಿಸಿ: ಬಳಕೆದಾರರು 9:32ಕ್ಕೆ ಲಾಗಿನ್ ಆಗಿದ್ದಾರೆ, ಲಾಗಿನ ಮೊದಲ ಸಾಲು 9:37ಕ್ಕೆ ಇದೆ. ಈ ಐದು ನಿಮಿಷ ಕಂಡರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ.

ಐದು ನಿಮಿಷದ ಕಥೆ

ವಿಂಡೋಸ್ 8.1 ಮತ್ತು ಸರ್ವರ್ 2012 ಆರ್2ರಿಂದ ಮುಂದೆ, ಗ್ರೂಪ್ ಪಾಲಿಸಿಯ ಲಾಗಾನ್ ಸ್ಕ್ರಿಪ್ಟುಗಳು ಲಾಗಿನ್ ಆದ ಐದು ನಿಮಿಷದ ನಂತರ ರನ್ ಆಗುತ್ತವೆ. ಇದು ದೋಷವಲ್ಲ, ಮೈಕ್ರೋಸಾಫ್ಟ್ ಬೇಕೆಂದೇ ಇಟ್ಟ ವ್ಯವಸ್ಥೆ. ಡೆಸ್ಕ್‌ಟಾಪ್ ಬೇಗ ಕಾಣಲಿ, ಡಿಸ್ಕಿನ ಮೇಲೆ ಒಮ್ಮೆಲೇ ಹೊರೆ ಬೀಳದಿರಲಿ ಎಂಬ ಉದ್ದೇಶ ಅದರದ್ದು. ಆದರೆ ಅಕೌಂಟ್ಸ್‌ನವರು ಐದು ನಿಮಿಷ ಕಾಯುವುದಿಲ್ಲ. ಎರಡನೇ ನಿಮಿಷಕ್ಕೆ ಫೋನ್ ಮಾಡುತ್ತಾರೆ, ಮೂರನೇ ನಿಮಿಷಕ್ಕೆ ಲಾಗಾಫ್ ಆಗಿ ಮತ್ತೆ ಲಾಗಿನ್ ಆಗುತ್ತಾರೆ, ಎಣಿಕೆ ಮತ್ತೆ ಸೊನ್ನೆಯಿಂದ ಶುರು. ನಾವು ಅವರ ಮೇಜಿನ ಹತ್ತಿರ ಹೋಗುವಷ್ಟರಲ್ಲಿ ಡ್ರೈವ್ ಬಂದಿರುತ್ತದೆ. "ನೀವು ಬಂದ ಕೂಡಲೇ ಸರಿಹೋಯ್ತು" ಎನ್ನುತ್ತಾರೆ.

ಇದನ್ನು ಬದಲಿಸುವ ಜಾಗ ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್, ಗ್ರೂಪ್ ಪಾಲಿಸಿ, ಅಲ್ಲಿ "ಕಾನ್ಫಿಗರ್ ಲಾಗಾನ್ ಸ್ಕ್ರಿಪ್ಟ್ ಡಿಲೇ". ಎನೇಬಲ್ ಮಾಡಿ ನಿಮಿಷದ ಜಾಗದಲ್ಲಿ 0 ಹಾಕಿ. ಇದು ಕಂಪ್ಯೂಟರಿಗೆ ಸೇರಿದ ಸೆಟ್ಟಿಂಗ್, ಆದ್ದರಿಂದ ಕಂಪ್ಯೂಟರುಗಳಿರುವ ಓಯುಗೆ (ಬಳಕೆದಾರರನ್ನು, ಕಂಪ್ಯೂಟರುಗಳನ್ನು ವಿಂಗಡಿಸಿಡುವ ವಿಭಾಗಕ್ಕೆ) ಲಿಂಕ್ ಆಗಬೇಕು. ಬಳಕೆದಾರರ ಓಯುಗೆ ಲಿಂಕ್ ಮಾಡಿ "ಹಾಕಿದೆವಲ್ಲ, ಆದರೂ ತಡವಾಗುತ್ತಿದೆ" ಎನ್ನುವುದು ತುಂಬ ಸಾಮಾನ್ಯ ತಪ್ಪು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ವಿಷಯವಿದೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ಕ್ಲೈಂಟ್ ಕಂಪ್ಯೂಟರುಗಳು ನೆಟ್‌ವರ್ಕ್ ಸಿದ್ಧವಾಗುವವರೆಗೆ ಕಾಯದೆ, ನೆನಪಿನಲ್ಲಿರುವ ಪಾಸ್‌ವರ್ಡಿನ ಮೇಲೆ ಡೆಸ್ಕ್‌ಟಾಪ್ ತೋರಿಸಿಬಿಡುತ್ತವೆ. ಪಾಲಿಸಿಗಳು ಹಿನ್ನೆಲೆಯಲ್ಲಿ ಬರುತ್ತವೆ. ಹಾಗಾಗಿ ಇವತ್ತು ಹೊಸದಾಗಿ ಸೇರಿಸಿದ ಸ್ಕ್ರಿಪ್ಟ್ ಮುಂದಿನ ಲಾಗಿನ್‌ನಲ್ಲಿ ಪಟ್ಟಿಗೆ ಸೇರಿ, ಅದರ ಮುಂದಿನದರಲ್ಲಿ ರನ್ ಆಗಬಹುದು. ಒಂದು ಕಂಪ್ಯೂಟರಿಗೆ ಯಾರಾದರೂ ಮೊಟ್ಟಮೊದಲ ಸಲ ಲಾಗಿನ್ ಆದಾಗ ಮಾತ್ರ ವಿಂಡೋಸ್ ಕಾಯುತ್ತದೆ. ಇದರಿಂದಾಗುವ ಮೋಸ ನೋಡಿ: ನಾವು ಪರೀಕ್ಷೆಗೆಂದು ಹೊಸ ಅಕೌಂಟಿನಲ್ಲಿ ಲಾಗಿನ್ ಆಗುತ್ತೇವೆ, ಪಾಲಿಸಿ ಸರಿಯಾಗಿಯೇ ಬರುತ್ತದೆ. ದಿನವೂ ಅದೇ ಯಂತ್ರದಲ್ಲಿ ಕೂರುವವರಿಗೆ ಬರುವುದಿಲ್ಲ. ಪರೀಕ್ಷೆಯನ್ನು ಯಾವಾಗಲೂ ಆ ಯಂತ್ರಕ್ಕೆ ಹಳಬರಾದವರ ಅಕೌಂಟಿನಲ್ಲೇ ಮಾಡಿಸಿ. "ಆಲ್‌ವೇಸ್ ವೇಟ್ ಫಾರ್ ದ ನೆಟ್‌ವರ್ಕ್ ಅಟ್ ಕಂಪ್ಯೂಟರ್ ಸ್ಟಾರ್ಟಪ್ ಅಂಡ್ ಲಾಗಾನ್" ಎಂಬ ಸೆಟ್ಟಿಂಗ್ ಸಿಸ್ಟಮ್ ಕೆಳಗಿನ ಲಾಗಾನ್ ಫೋಲ್ಡರಿನಲ್ಲಿದೆ. ಮೇಜಿನ ಕಂಪ್ಯೂಟರುಗಳಿಗೆ ಅದನ್ನು ಎನೇಬಲ್ ಮಾಡುವುದು ಒಳ್ಳೆಯದು. ಲಾಗಿನ್ ಕೆಲವು ಸೆಕೆಂಡ್ ನಿಧಾನವಾಗುತ್ತದೆ, ಆದರೆ ಪ್ರತಿದಿನ ಒಂದೇ ರೀತಿ ಆಗುತ್ತದೆ.

ಫೈಲ್ ಎಲ್ಲಿದೆ, ಯಾರು ಕರೆಯುತ್ತಾರೆ

ಲಾಗಾನ್ ಸ್ಕ್ರಿಪ್ಟ್ ಕೊಡಲು ಎರಡು ದಾರಿಗಳಿವೆ. ಹಳೆಯದು, ಆಕ್ಟಿವ್ ಡೈರೆಕ್ಟರಿಯಲ್ಲಿ (ಕಚೇರಿಯ ಅಕೌಂಟುಗಳೆಲ್ಲ ಇರುವ ಸರ್ವರ್ ವ್ಯವಸ್ಥೆಯಲ್ಲಿ) ಬಳಕೆದಾರರ ಪ್ರೊಫೈಲ್ ಟ್ಯಾಬಿನಲ್ಲಿ ಸ್ಕ್ರಿಪ್ಟಿನ ಹೆಸರು ಬರೆಯುವುದು. ಅಲ್ಲಿ ಫೈಲಿನ ಹೆಸರು ಮಾತ್ರ ಸಾಕು, ಅದು ನೆಟ್‌ಲಾಗಾನ್ ಎಂಬ, ಸರ್ವರಿನಲ್ಲಿ ಸ್ಕ್ರಿಪ್ಟುಗಳಿಡುವ ಹಂಚಿಕೆಯಿಂದ ಶುರುವಾಗುವ ದಾರಿ ಎಂದೇ ವಿಂಡೋಸ್ ಓದುತ್ತದೆ. ಪೂರ್ತಿ ಸರ್ವರ್ ದಾರಿ ಬರೆದರೆ ಕೆಲಸ ಮಾಡುವುದಿಲ್ಲ. ಹೊಸದು ಗ್ರೂಪ್ ಪಾಲಿಸಿ. ಅದರ ಫೈಲುಗಳು ಸಿಸ್‌ವಾಲ್ ಎಂಬ, ಪಾಲಿಸಿಗಳನ್ನಿಡುವ ಹಂಚಿಕೆಯಲ್ಲಿ ಆ ಪಾಲಿಸಿಯದೇ ಫೋಲ್ಡರಿನೊಳಗೆ ಇರುತ್ತವೆ. ಸ್ಕ್ರಿಪ್ಟ್ ಸೇರಿಸುವ ಕಿಟಕಿಯಲ್ಲಿ "ಶೋ ಫೈಲ್ಸ್" ಒತ್ತಿ, ತೆರೆದ ಫೋಲ್ಡರಿಗೆ ಫೈಲ್ ಹಾಕಿ, ಅಲ್ಲಿಂದಲೇ ಆರಿಸಬೇಕು. ಬ್ರೌಸ್ ಒತ್ತಿ ತಮ್ಮ ಡೆಸ್ಕ್‌ಟಾಪಿನಲ್ಲಿದ್ದ ಫೈಲನ್ನು ಆರಿಸಿದರೆ, ಪಾಲಿಸಿಯಲ್ಲಿ ಕೂರುವುದು ಅಡ್ಮಿನ್‌ರ ಸಿ ಡ್ರೈವಿನ ದಾರಿ. ಅವರ ಯಂತ್ರದಲ್ಲಿ ಮಾತ್ರ ರನ್ ಆಗುತ್ತದೆ, ಉಳಿದ ನಲವತ್ತರಲ್ಲಿ ಇಲ್ಲ.

ಪವರ್‌ಶೆಲ್ ಫೈಲನ್ನು ಮೊದಲ "ಸ್ಕ್ರಿಪ್ಟ್ಸ್" ಟ್ಯಾಬಿಗೆ ಹಾಕಬೇಡಿ, ಪಕ್ಕದಲ್ಲೇ "ಪವರ್‌ಶೆಲ್ ಸ್ಕ್ರಿಪ್ಟ್ಸ್" ಎಂಬ ಟ್ಯಾಬಿದೆ. ತಪ್ಪು ಟ್ಯಾಬಿನಲ್ಲಿ ಹಾಕಿದರೆ ಬಳಕೆದಾರರ ಪರದೆಯ ಮೇಲೆ ನೋಟ್‌ಪ್ಯಾಡ್ ತೆರೆದುಕೊಂಡು ನಿಮ್ಮ ಸ್ಕ್ರಿಪ್ಟಿನ ಸಾಲುಗಳು ಕಾಣುತ್ತವೆ.

ಕರೆದಿದೆಯೋ ಇಲ್ಲವೋ ತಿಳಿಯಲು ಬಳಕೆದಾರರ ಸೆಷನ್ನಿನಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು ಜಿಪಿರಿಸಲ್ಟ್ ಆಜ್ಞೆಯನ್ನು /ಎಚ್ ಜೊತೆ ಕೊಟ್ಟು ವರದಿ ತೆಗೆಯಿರಿ. ಅಡ್ಮಿನ್ ಪಾಸ್‌ವರ್ಡ್ ಹಾಕಿ ತೆರೆದ ಪ್ರಾಂಪ್ಟಿನಲ್ಲಿ ಬರುವುದು ಅಡ್ಮಿನ್ ಅಕೌಂಟಿನ ವರದಿ, ಅದರಿಂದ ಪ್ರಯೋಜನವಿಲ್ಲ. ವರದಿಯಲ್ಲಿ ಅನ್ವಯವಾದ ಪಾಲಿಸಿಗಳ ಕೆಳಗೆ ನಿರಾಕರಣೆಯಾದವುಗಳ ಪಟ್ಟಿ, ಕಾರಣದ ಸಮೇತ ಇರುತ್ತದೆ. ಜೊತೆಗೆ ಈವೆಂಟ್ ವ್ಯೂವರಿನಲ್ಲಿ ಗ್ರೂಪ್‌ಪಾಲಿಸಿಯ ಆಪರೇಷನಲ್ ಲಾಗ್ ನೋಡಿ. ಲಾಗಾನ್ ಸ್ಕ್ರಿಪ್ಟ್ ಶುರುವಾದದ್ದಕ್ಕೆ 4018, ಮುಗಿದದ್ದಕ್ಕೆ 5018, ಎಷ್ಟು ಸೆಕೆಂಡ್ ಹಿಡಿಯಿತು ಎಂಬುದೂ ಅದರಲ್ಲೇ ಇರುತ್ತದೆ. ಸ್ಕ್ರಿಪ್ಟ್ ವಿಫಲವಾದರೆ ಸಿಸ್ಟಮ್ ಲಾಗಿನಲ್ಲಿ 1130.

ಪಾಲಿಸಿ ಅನ್ವಯವೇ ಆಗಿಲ್ಲ ಎಂದಾದರೆ ಮೊದಲು ಓಯು ನೋಡಿ. ಲಾಗಾನ್ ಸ್ಕ್ರಿಪ್ಟ್ ಬಳಕೆದಾರರ ಭಾಗದ ಸೆಟ್ಟಿಂಗ್. ಬರೀ ಕಂಪ್ಯೂಟರುಗಳಿರುವ ಓಯುಗೆ ಲಿಂಕ್ ಮಾಡಿದರೆ, ಲೂಪ್‌ಬ್ಯಾಕ್ (ಕಂಪ್ಯೂಟರಿನ ಓಯು ನೋಡಿ ಬಳಕೆದಾರರ ಸೆಟ್ಟಿಂಗನ್ನೂ ಕೊಡುವ ಆಯ್ಕೆ) ಹಾಕದ ಹೊರತು ಯಾರಿಗೂ ತಲುಪುವುದಿಲ್ಲ.

ನಂತರ ಅನುಮತಿ. ಇಲ್ಲಿ ಒಂದು ತಾರೀಕು ನೆನಪಿರಲಿ: 2016ರ ಜೂನ್. ಆ ತಿಂಗಳ ಎಂಎಸ್16-072 ಎಂಬ ಭದ್ರತಾ ಅಪ್‌ಡೇಟ್ ಬಂದ ಮೇಲೆ, ಬಳಕೆದಾರರ ಪಾಲಿಸಿಯನ್ನು ಸರ್ವರಿನಿಂದ ಓದಿ ತರುವುದು ಕಂಪ್ಯೂಟರಿನ ಅಕೌಂಟ್, ಬಳಕೆದಾರರದ್ದಲ್ಲ. ಸೆಕ್ಯುರಿಟಿ ಫಿಲ್ಟರಿಂಗ್‌ನಲ್ಲಿ "ಆಥೆಂಟಿಕೇಟೆಡ್ ಯೂಸರ್ಸ್" ತೆಗೆದು "ಅಕೌಂಟ್ಸ್ ಸಿಬ್ಬಂದಿ" ಎಂಬ ಗುಂಪನ್ನು ಮಾತ್ರ ಇಟ್ಟರೆ ಕಂಪ್ಯೂಟರಿಗೆ ಓದುವ ಹಕ್ಕು ಇರುವುದಿಲ್ಲ, ಪಾಲಿಸಿ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಪರಿಹಾರ ಸುಲಭ: ಡೆಲಿಗೇಷನ್ ಟ್ಯಾಬಿಗೆ ಹೋಗಿ "ಡೊಮೇನ್ ಕಂಪ್ಯೂಟರ್ಸ್" ಗುಂಪಿಗೆ ರೀಡ್ ಮಾತ್ರ ಕೊಡಿ. ಅಪ್ಲೈ ಹಕ್ಕು ಅದಕ್ಕೆ ಬೇಡ. ಇಷ್ಟು ವರ್ಷವಾದರೂ ಈ ತಪ್ಪು ಮರುಕಳಿಸುತ್ತಲೇ ಇದೆ, ಯಾಕೆಂದರೆ ಗುಂಪಿನ ಹೆಸರು ನೋಡಿದಾಗ ಎಲ್ಲವೂ ಸರಿಯಾಗಿಯೇ ಇದೆ ಎನಿಸುತ್ತದೆ.

ಒಂದಕ್ಕಿಂತ ಹೆಚ್ಚು ಡೊಮೇನ್ ಕಂಟ್ರೋಲರ್ (ಲಾಗಿನ್ ಪರಿಶೀಲಿಸುವ ಸರ್ವರ್) ಇರುವ ಕಡೆ, ಕೇಂದ್ರ ಕಚೇರಿ ಜಯನಗರದಲ್ಲಿ, ಶಾಖೆ ಪೀಣ್ಯದಲ್ಲಿ ಎಂದಿಟ್ಟುಕೊಳ್ಳಿ, ನೀವು ತಿದ್ದಿದ ಸ್ಕ್ರಿಪ್ಟ್ ಇನ್ನೊಂದು ಸರ್ವರಿಗೆ ತಲುಪಿರದೆ ಇರಬಹುದು. ಬೇರೆ ಬೇರೆ ಸೈಟುಗಳ ನಡುವೆ ರೆಪ್ಲಿಕೇಷನ್ನಿನ (ಒಂದು ಸರ್ವರಿನ ಬದಲಾವಣೆ ಇನ್ನೊಂದಕ್ಕೆ ನಕಲಾಗುವುದರ) ಮೂಲ ಅಂತರ 180 ನಿಮಿಷ. ಲಾಗಿನಲ್ಲಿ ಬರೆಸಿದ ಲಾಗಾನ್ ಸರ್ವರಿನ ಹೆಸರು ಇಲ್ಲಿ ಕೆಲಸಕ್ಕೆ ಬರುತ್ತದೆ. ಆ ಸರ್ವರಿನ ನೆಟ್‌ಲಾಗಾನ್ ಫೋಲ್ಡರನ್ನೇ ತೆರೆದು ಫೈಲಿನ ತಾರೀಕು ಹೋಲಿಸಿ. ಮರುದಿನವೂ ಹಳೆಯದೇ ಇದ್ದರೆ ಡಿಎಫ್‌ಎಸ್ ರೆಪ್ಲಿಕೇಷನ್ ಲಾಗಿನಲ್ಲಿ 2213 ಅಥವಾ 4012 ಇದೆಯೇ ನೋಡಿ. ಮೊದಲನೆಯದು ಕರೆಂಟ್ ಹೋಗಿ ಸರ್ವರ್ ಸರಿಯಾಗಿ ಶಟ್‌ಡೌನ್ ಆಗದಿದ್ದಾಗ ಬರುವಂಥದ್ದು, ಎರಡನೆಯದು ಮೂಲ ಮಿತಿಯಾದ 60 ದಿನಕ್ಕಿಂತ ಹೆಚ್ಚು ಕಾಲ ರೆಪ್ಲಿಕೇಷನ್ ನಿಂತಿದ್ದಾಗ. ಶಾಖೆಗೆ ಹೊಸ ಐಪಿ ಸಾಲು ಕೊಟ್ಟಿದ್ದರೆ ಅದನ್ನು ಸೈಟ್ಸ್ ಅಂಡ್ ಸರ್ವಿಸಸ್‌ನಲ್ಲಿ ಸಬ್‌ನೆಟ್ ಆಗಿ ಸೇರಿಸಿದ್ದೀರಾ ಎಂದೂ ನೋಡಿಕೊಳ್ಳಿ. ಸೇರಿಸದಿದ್ದರೆ ಪೀಣ್ಯದ ಯಂತ್ರ ಪಕ್ಕದ ಸರ್ವರ್ ಬಿಟ್ಟು ದೂರದ್ದನ್ನು ಹುಡುಕಿಕೊಂಡು ಹೋಗಬಹುದು.

ಕರೆಂಟ್ ಹೋಗಿ ಬಂದ ಬೆಳಿಗ್ಗೆ

ಬೆಂಗಳೂರಿನಲ್ಲಿ ಈ ಭಾಗಕ್ಕೆ ಹೆಚ್ಚು ಸಮಯ ಕೊಡಲೇಬೇಕು. ರಾತ್ರಿ ಕರೆಂಟ್ ಹೋಗಿದೆ, ಯುಪಿಎಸ್ ಖಾಲಿಯಾಗಿದೆ, ಬೆಳಿಗ್ಗೆ ಬೆಸ್ಕಾಂ ಲೈನ್ ಬಂದೊಡನೆ ಎಲ್ಲವೂ ಒಟ್ಟಿಗೆ ಏಳುತ್ತವೆ. ಎಸ್‌ಎಸ್‌ಡಿ ಇರುವ ಡೆಸ್ಕ್‌ಟಾಪ್ ಲಾಗಿನ್ ಪರದೆಗೆ ಕ್ಷಣದಲ್ಲಿ ಬಂದು ನಿಲ್ಲುತ್ತದೆ. ಸ್ವಿಚ್ ಇನ್ನೂ ಬೂಟ್ ಆಗುತ್ತಿದೆ. ಡೊಮೇನ್ ಕಂಟ್ರೋಲರ್ ಅದಕ್ಕಿಂತಲೂ ನಿಧಾನ. ಬಳಕೆದಾರರು ನೆನಪಿನಲ್ಲಿರುವ ಪಾಸ್‌ವರ್ಡಿನಿಂದ ಒಳಗೆ ಬಂದುಬಿಡುತ್ತಾರೆ, ಸ್ಕ್ರಿಪ್ಟ್ ಇಲ್ಲ, ಡ್ರೈವ್ ಇಲ್ಲ. ಸಿಸ್ಟಮ್ ಲಾಗಿನಲ್ಲಿ ನೆಟ್‌ಲಾಗಾನ್ ಹೆಸರಿನಲ್ಲಿ 5719, ಗ್ರೂಪ್ ಪಾಲಿಸಿ ಹೆಸರಿನಲ್ಲಿ 1129 ಕಂಡರೆ ಹೀಗೇ ಆಗಿದೆ. ಸರ್ವರಿಗೆ ಯುಪಿಎಸ್ ಕೊಟ್ಟು, ಮಹಡಿಯ ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ಹಾಕಿರುವ ಕಚೇರಿಗಳು ಬಹಳ. ಸ್ವಿಚ್ಚಿಗೂ ಯುಪಿಎಸ್ ಕೊಡಿ.

ಕರೆಂಟ್ ಹೋಗದಿದ್ದರೂ ಸ್ವಿಚ್ ಕಾಯಿಸುತ್ತದೆ. ಹಳೆಯ ಸ್ಪ್ಯಾನಿಂಗ್ ಟ್ರೀ (ಲೂಪ್ ತಡೆಯುವ ವ್ಯವಸ್ಥೆ) ಇರುವ ಪೋರ್ಟ್, ಕೇಬಲ್ ಜೀವಂತವಾದ ಮೇಲೂ 15 ಸೆಕೆಂಡ್ ಕೇಳುವ ಸ್ಥಿತಿ, 15 ಸೆಕೆಂಡ್ ಕಲಿಯುವ ಸ್ಥಿತಿ, ಒಟ್ಟು 30 ಸೆಕೆಂಡ್ ಒಂದು ಪ್ಯಾಕೆಟನ್ನೂ ದಾಟಿಸುವುದಿಲ್ಲ. ಡೆಸ್ಕ್‌ಟಾಪ್ ಮಾತ್ರ ಇರುವ ಪೋರ್ಟುಗಳಿಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿ. ಇನ್ನೊಂದು ಸ್ವಿಚ್ಚಿಗೆ ಹೋಗುವ ಪೋರ್ಟಿಗೆ ಹಾಕಬೇಡಿ, ಲೂಪ್ ಆದರೆ ಇಡೀ ಮಹಡಿ ನಿಲ್ಲುತ್ತದೆ.

ಇನ್ನು ಬ್ಯಾಟರಿ. ಮದರ್‌ಬೋರ್ಡಿನ ಮೇಲೆ ನಾಣ್ಯದಂತೆ ಕೂತಿರುವ ಸಿಆರ್2032, 3 ವೋಲ್ಟಿನದ್ದು. ಇದು ಸತ್ತ ಯಂತ್ರಕ್ಕೆ ರಾತ್ರಿ ಮೇನ್ ಸ್ವಿಚ್ ಆರಿಸಿದರೆ, ಬೆಳಿಗ್ಗೆ ಗಡಿಯಾರ ಎಷ್ಟೋ ವರ್ಷ ಹಿಂದಿನ ಜನವರಿಗೆ ಹೋಗಿರುತ್ತದೆ. ಗುರುತು ಪರಿಶೀಲಿಸುವ ಕರ್ಬರೋಸ್ ವ್ಯವಸ್ಥೆ ಸಹಿಸುವ ವ್ಯತ್ಯಾಸ ಮೂಲತಃ 5 ನಿಮಿಷ ಮಾತ್ರ, ಅದಕ್ಕಿಂತ ಹೆಚ್ಚಾದರೆ ಟಿಕೆಟ್ ಸಿಗದೆ ಸಿಸ್‌ವಾಲ್ ತೆರೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ವಿಂಡೋಸ್ ಟೈಮ್ ಸೇವೆ ಸರ್ವರನ್ನು ಕೇಳಿ ಗಡಿಯಾರ ಸರಿಪಡಿಸಿಕೊಳ್ಳುತ್ತದೆ, ಆಮೇಲೆ ನಾವು ಹೋಗಿ ನೋಡಿದರೆ ಟಾಸ್ಕ್‌ಬಾರಿನಲ್ಲಿ ಸಮಯ ಸರಿಯಾಗಿಯೇ ಇರುತ್ತದೆ. ಗುರುತು ಉಳಿಯುವುದು ಈವೆಂಟ್ ಲಾಗಿನಲ್ಲಿ: ಸಾಲುಗಳ ತಾರೀಕು ಇದ್ದಕ್ಕಿದ್ದಂತೆ ಹಿಂದೆ ಹೋಗಿ ಮತ್ತೆ ಮುಂದೆ ಬಂದಿರುತ್ತದೆ. ಹಾಗೆ ಕಂಡರೆ ಬ್ಯಾಟರಿ ಬದಲಿಸಿ. ಎಸ್‌ಪಿ ರೋಡಿನ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಪ್ಲಗ್ ಕಿತ್ತು, ಪಕ್ಕದ ಚಿಕ್ಕ ಹಿಡಿಕೆಯನ್ನು ಸರಿಸಿದರೆ ಹಳೆಯದು ಮೇಲೆದ್ದು ಬರುತ್ತದೆ. ಪ್ಲಸ್ ಗುರುತಿರುವ ಮುಖ ಮೇಲಕ್ಕಿರುವಂತೆ ಹೊಸದನ್ನು ಒತ್ತಿ. ನಂತರ ಬಯಾಸ್‌ಗೆ ಹೋಗಿ ತಾರೀಕು ಹಾಕಿ.

ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬಗ್ಗೆ ಒಂದೇ ಮಾತು, ಆದರೆ ಗಟ್ಟಿಯಾಗಿ ಹೇಳುತ್ತೇನೆ. ಡೊಮೇನ್‌ಗೆ ಸೇರಿದ ಯಂತ್ರದ ಎರಡನೇ ಡಿಎನ್‌ಎಸ್ ಜಾಗದಲ್ಲಿ ಗೂಗಲಿನ 8.8.8.8 ಇರಕೂಡದು. ಇಂಟರ್‌ನೆಟ್ ನಿಲ್ಲದಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಹಾಕಿರುತ್ತಾರೆ. ಒಳಗಿನ ಸರ್ವರ್ ಒಮ್ಮೆ ತಡವಾಗಿ ಉತ್ತರಿಸಿದರೆ ಯಂತ್ರ ಹೊರಗಿನದನ್ನು ಕೇಳುತ್ತದೆ, ನಿಮ್ಮ ಕಚೇರಿಯ ಡೊಮೇನ್ ಕಂಟ್ರೋಲರ್ ಎಲ್ಲಿದೆ ಎಂದು ಅದಕ್ಕೆ ಗೊತ್ತಿರುವುದಿಲ್ಲ. ಒಳಗಿನ ಡಿಎನ್‌ಎಸ್ ಸರ್ವರಿನಲ್ಲೇ ಫಾರ್ವರ್ಡರ್ ಹಾಕಿ, ಕ್ಲೈಂಟಿಗೆ ಒಳಗಿನದನ್ನು ಮಾತ್ರ ಕೊಡಿ. ಸರಿಯಾಗಿದೆಯೇ ಎಂದು ನೋಡಲು ಎನ್‌ಎಲ್‌ಟೆಸ್ಟ್ ಆಜ್ಞೆಗೆ ಡಿಎಸ್‌ಗೆಟ್‌ಡಿಸಿ ಸೇರಿಸಿ ಡೊಮೇನಿನ ಹೆಸರು ಕೊಡಿ. ಉತ್ತರದಲ್ಲಿ ಸರ್ವರಿನ ಹೆಸರು, ಸೈಟಿನ ಹೆಸರು ಎರಡೂ ಬರಬೇಕು. ನಡುವೆ ಫೈರ್‌ವಾಲ್ ಇದ್ದರೆ 53, 88, 135, 389, 445 ಪೋರ್ಟುಗಳು ತೆರೆದಿವೆಯೇ ಎಂದು ಟೆಸ್ಟ್-ನೆಟ್‌ಕನೆಕ್ಷನ್‌ನಿಂದ ಒಂದೊಂದಾಗಿ ನೋಡಿ.

ಪರೀಕ್ಷೆ ಮಾಡುವಾಗ ಸರ್ವರಿನ ಐಪಿ ಸಂಖ್ಯೆ ಹಾಕಿ ನೆಟ್‌ಲಾಗಾನ್ ತೆರೆಯಲು ಹೋಗಬೇಡಿ. ವಿಂಡೋಸ್ 10ರಿಂದ ಮುಂದೆ ಸಿಸ್‌ವಾಲ್, ನೆಟ್‌ಲಾಗಾನ್ ಎರಡಕ್ಕೂ ಎರಡೂ ಕಡೆಯ ಗುರುತು ಖಾತ್ರಿ ಬೇಕು, ಐಪಿ ಸಂಖ್ಯೆಯಿಂದ ಅದು ಆಗುವುದಿಲ್ಲ. ಎಲ್ಲವೂ ಸರಿಯಿದ್ದಾಗಲೂ "ಆಕ್ಸೆಸ್ ಡಿನೈಡ್" ಬಂದು ದಾರಿ ತಪ್ಪಿಸುತ್ತದೆ. ಹೆಸರು ಹಾಕಿಯೇ ತೆರೆಯಿರಿ.

ಸ್ಕ್ರಿಪ್ಟಿನ ಒಳಗೆ

ಫೈಲನ್ನು ಉಳಿಸಿದ ರೀತಿಯಲ್ಲೇ ದೋಷವಿರಬಹುದು. ಬ್ಯಾಚ್ ಫೈಲನ್ನು ಬಿಒಎಂ (ಫೈಲಿನ ಆರಂಭದಲ್ಲಿ ಕೂರುವ ಎನ್‌ಕೋಡಿಂಗ್ ಗುರುತು) ಇರುವ ಯುಟಿಎಫ್-8ರಲ್ಲಿ ಉಳಿಸಿದರೆ ಮೊದಲ ಸಾಲಿನ ಮುಂದೆ ಕಾಣದ ಮೂರು ಬೈಟುಗಳು ಕೂತು ಆ ಸಾಲು ಕೆಡುತ್ತದೆ. ಯುಟಿಎಫ್-16 ಆದರೆ ಇಡೀ ಫೈಲೇ ಕೆಲಸ ಮಾಡುವುದಿಲ್ಲ. ಪವರ್‌ಶೆಲ್ 5.1ಕ್ಕೆ ಸರಿಯಾಗಿ ಇದರ ತದ್ವಿರುದ್ಧ ಬೇಕು: ಬಿಒಎಂ ಇಲ್ಲದಿದ್ದರೆ ಅದು ಫೈಲನ್ನು ಹಳೆಯ ಕೋಡ್‌ಪೇಜಿನಲ್ಲಿ ಓದಿ ಕನ್ನಡ ಅಕ್ಷರಗಳನ್ನು ಕಲಸಿಬಿಡುತ್ತದೆ. ಸರ್ವರಿನಲ್ಲಿ "ಲೆಕ್ಕಪತ್ರ", "ಹಾಜರಾತಿ" ಎಂದು ಕನ್ನಡದಲ್ಲೇ ಫೋಲ್ಡರ್ ಇಟ್ಟಿರುವ ಕಚೇರಿಗಳಿಗೆ ಇದು ಮುಖ್ಯ. ಪವರ್‌ಶೆಲ್ ಫೈಲನ್ನು ಬಿಒಎಂ ಸಮೇತ ಉಳಿಸಿ. ಬ್ಯಾಚ್ ಫೈಲ್ ಆದರೆ ಬಿಒಎಂ ಇಲ್ಲದೆ ಉಳಿಸಿ, ಕನ್ನಡ ಹೆಸರು ಬರುವ ಮೊದಲು ಸಿಎಚ್‌ಸಿಪಿ (chcp) 65001 ಎಂಬ ಸಾಲು ಹಾಕಿ. ಫೋಲ್ಡರಿನ ಕನ್ನಡ ಹೆಸರು ಬಿಡಬೇಕಿಲ್ಲ.

ಬ್ಯಾಚ್ ಫೈಲ್ ನೆಟ್‌ವರ್ಕ್ ದಾರಿಯಿಂದ ರನ್ ಆದಾಗ, ಸಿಎಂಡಿ ಅಂಥ ದಾರಿಯನ್ನು ತಾನಿರುವ ಫೋಲ್ಡರಾಗಿ ಒಪ್ಪದೆ ವಿಂಡೋಸ್ ಫೋಲ್ಡರಿಗೆ ಹೋಗಿಬಿಡುತ್ತದೆ. ಪಕ್ಕದಲ್ಲಿರುವ ಇನ್ನೊಂದು ಫೈಲನ್ನು ಬರೀ ಹೆಸರಿನಿಂದ ಕರೆದರೆ ಸಿಗುವುದಿಲ್ಲ. ಡಬಲ್ ಕ್ಲಿಕ್ ಮಾಡಿ ನಿಮ್ಮ ಸಿ ಡ್ರೈವಿನಲ್ಲಿ ಪರೀಕ್ಷಿಸಿದಾಗ ಇದು ಗೊತ್ತಾಗುವುದೇ ಇಲ್ಲ. ಫೈಲಿನ ಹೆಸರಿನ ಮುಂದೆ %~ಡಿಪಿ0 (ಸ್ಕ್ರಿಪ್ಟ್ ಇರುವ ಫೋಲ್ಡರಿನ ದಾರಿ) ಸೇರಿಸಿ, ಇಲ್ಲವೇ ಪುಶ್‌ಡಿ ಬಳಸಿ.

ಗ್ರೂಪ್ ಪಾಲಿಸಿಯ ಸ್ಕ್ರಿಪ್ಟುಗಳು ಪರದೆಯ ಮೇಲೆ ಕಾಣುವುದಿಲ್ಲ. ಒಳಗೆ ಎಲ್ಲಾದರೂ ಪಾಜ್ (pause) ಆಜ್ಞೆ ಇದ್ದರೆ, ಅಥವಾ ನೆಟ್ ಯೂಸ್ ಪಾಸ್‌ವರ್ಡ್ ಕೇಳಿದರೆ, ಉತ್ತರಿಸುವವರಿಲ್ಲದೆ ಹಾಗೆಯೇ ನಿಲ್ಲುತ್ತದೆ. ಮೂಲ ಮಿತಿಯಾದ 600 ಸೆಕೆಂಡ್ ಆದ ಮೇಲೆ ವಿಂಡೋಸ್ ಅದನ್ನು ಕೈಬಿಡುತ್ತದೆ. ಸರ್ವರಿನ ಪೂರ್ತಿ ಹೆಸರನ್ನು ಚುಕ್ಕೆಗಳ ಸಮೇತ ಬರೆದಾಗಲೂ ಹೀಗಾಗುವುದುಂಟು: ಚುಕ್ಕೆ ಕಂಡ ವಿಂಡೋಸ್ ಅದನ್ನು ಇಂಟರ್‌ನೆಟ್ ವಲಯವೆಂದು ತಿಳಿದು ಎಚ್ಚರಿಕೆಯ ಕಿಟಕಿ ತೆರೆಯುತ್ತದೆ, ಆ ಕಿಟಕಿ ಯಾರಿಗೂ ಕಾಣುವುದಿಲ್ಲ. ಸೈಟ್ ಟು ಝೋನ್ ಪಟ್ಟಿಯಲ್ಲಿ ನಿಮ್ಮ ಡೊಮೇನ್ ಹೆಸರಿಗೆ 1 ಎಂದು ಕೊಟ್ಟರೆ ಅದು ಒಳಗಿನ ವಲಯಕ್ಕೆ ಸೇರುತ್ತದೆ.

ಕಮಾಂಡ್ ಪ್ರಾಂಪ್ಟ್ ಮುಚ್ಚುವ ಪಾಲಿಸಿ ಹಾಕಿರುವ ಕಚೇರಿಯವರು, ಅದರೊಳಗೆ ಸ್ಕ್ರಿಪ್ಟ್ ಪ್ರೊಸೆಸಿಂಗ್ ಕೂಡ ನಿಲ್ಲಿಸಬೇಕೇ ಎಂಬ ಪ್ರಶ್ನೆಗೆ "ಯೆಸ್" ಕೊಟ್ಟಿದ್ದಾರೆಯೇ ನೋಡಿ. ಕೊಟ್ಟಿದ್ದರೆ ಬ್ಯಾಚ್ ಫೈಲುಗಳೆಲ್ಲ ಸತ್ತಂತೆಯೇ.

ಲಾಗಿನಲ್ಲಿ ಕಾಣುವ ಸಂಖ್ಯೆಗಳಲ್ಲಿ ಹೆಚ್ಚು ಬರುವುವು ಇವು. 85 ಎಂದರೆ ಆ ಅಕ್ಷರ ಈಗಾಗಲೇ ಬೇರೆಯದರ ಕೈಯಲ್ಲಿದೆ. ಪೆನ್‌ಡ್ರೈವ್ ಮೊದಲ ಖಾಲಿ ಅಕ್ಷರಗಳನ್ನು ಹಿಡಿಯುತ್ತದೆ, ಆದ್ದರಿಂದ ನೆಟ್‌ವರ್ಕ್ ಡ್ರೈವಿಗೆ ಕೊನೆಯ ಅಕ್ಷರಗಳನ್ನು ಇಟ್ಟುಕೊಳ್ಳಿ, ಮೊದಲು ಹಳೆಯ ಜೋಡಣೆ ಅಳಿಸಿ ಆಮೇಲೆ ಹೊಸದು ಹಾಕಿ. 53 ಎಂದರೆ ಸರ್ವರಿನವರೆಗೆ ದಾರಿಯೇ ಸಿಕ್ಕಿಲ್ಲ. 67 ಬಂದರೆ ಹಂಚಿಕೆಯ ಹೆಸರಿನಲ್ಲಿ ಅಕ್ಷರ ತಪ್ಪಿದೆಯೇ ನೋಡಿ. 5 ಅನುಮತಿಯದ್ದು. 1219 ಸ್ವಲ್ಪ ವಿಚಿತ್ರ: ಅದೇ ಸರ್ವರಿಗೆ ಬೇರೊಂದು ಹೆಸರಿನಲ್ಲಿ ಆಗಲೇ ಸಂಪರ್ಕವಿದೆ, ಒಂದೇ ಸರ್ವರಿಗೆ ಎರಡು ಹೆಸರಿನಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. ಯಾರೋ ಒಮ್ಮೆ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಹೆಚ್ಚಾಗಿ ಇದಕ್ಕೆ ಕಾರಣ.

ಹಳೆಯ ಎನ್‌ಎಎಸ್ (ನೆಟ್‌ವರ್ಕಿನಲ್ಲಿ ಫೈಲ್ ಇಡುವ) ಪೆಟ್ಟಿಗೆ ಇರುವವರು ಗಮನಿಸಿ. ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ1 (ಫೈಲ್ ಹಂಚಿಕೆಯ ಹಳೆಯ ಪದ್ಧತಿ) ಮೂಲತಃ ಹಾಕಿರುವುದಿಲ್ಲ. ವಿಂಡೋಸ್ 11ರ 24ಎಚ್2ರಲ್ಲಿ ಸಹಿ ಇಲ್ಲದ ಎಸ್‌ಎಂಬಿ ಸಂಪರ್ಕವನ್ನೂ ಮೂಲತಃ ಒಪ್ಪುವುದಿಲ್ಲ. ಹೊಸ ಕಂಪ್ಯೂಟರ್ ಕೊಂಡ ದಿನವೇ "ಸ್ಕ್ರಿಪ್ಟ್ ಕೆಟ್ಟಿತು" ಎಂಬ ದೂರು ಬಂದರೆ ಸ್ಕ್ರಿಪ್ಟನ್ನು ಬಿಟ್ಟು ಪೆಟ್ಟಿಗೆಯ ಫರ್ಮ್‌ವೇರ್ ನೋಡಿ. ಭದ್ರತೆಯನ್ನು ಕಂಪ್ಯೂಟರಿನ ಕಡೆ ಸಡಿಲ ಮಾಡಿ ಡ್ರೈವ್ ತರಿಸುವುದು ಬೇಡ. ಹಾಗೆಯೇ ನೆಟ್‌ಲಾಗಾನ್‌ನಲ್ಲಿರುವ ಸ್ಕ್ರಿಪ್ಟನ್ನು ಡೊಮೇನಿನ ಯಾರು ಬೇಕಾದರೂ ತೆರೆದು ಓದಬಹುದು. ಅದರೊಳಗೆ ಪಾಸ್‌ವರ್ಡ್ ಬರೆದಿದ್ದರೆ ಇವತ್ತೇ ತೆಗೆಯಿರಿ, ಆ ಪಾಸ್‌ವರ್ಡನ್ನೂ ಬದಲಿಸಿ.

ಎಲ್ಲ ಸಾಲುಗಳೂ ಸರಿಯಾಗಿ ಮುಗಿದಿವೆ, ಆದರೂ ಡ್ರೈವ್ ಕಾಣುತ್ತಿಲ್ಲ, ಆ ಬಳಕೆದಾರರು ತಮ್ಮ ಯಂತ್ರದ ಲೋಕಲ್ ಅಡ್ಮಿನ್ ಕೂಡ ಹೌದು ಎಂದಾದರೆ ಅದು ಯುಎಸಿ, ಅಡ್ಮಿನ್ ಅಧಿಕಾರಕ್ಕೆ ಕಡಿವಾಣ ಹಾಕುವ ವಿಂಡೋಸ್ ವ್ಯವಸ್ಥೆ. ಅಡ್ಮಿನ್ ಆದವರಿಗೆ ವಿಂಡೋಸ್ ಎರಡು ಟೋಕನ್ ಕೊಡುತ್ತದೆ. ಸ್ಕ್ರಿಪ್ಟ್ ಹೆಚ್ಚಿನ ಅಧಿಕಾರದ್ದರಲ್ಲಿ ಡ್ರೈವ್ ಜೋಡಿಸಿದರೆ, ಸಾಮಾನ್ಯ ಅಧಿಕಾರದ ಎಕ್ಸ್‌ಪ್ಲೋರರಿಗೆ ಅದು ಕಾಣುವುದಿಲ್ಲ. ಎನೇಬಲ್‌ಲಿಂಕ್ಡ್‌ಕನೆಕ್ಷನ್ಸ್ ಎಂಬ ರಿಜಿಸ್ಟ್ರಿ ಮೌಲ್ಯವನ್ನು 1 ಮಾಡಿ ರೀಸ್ಟಾರ್ಟ್ ಮಾಡಿದರೆ ಕಾಣುತ್ತದೆ. ಲೆಕ್ಕ ಬರೆಯುವವರಿಗೆ ಅಡ್ಮಿನ್ ಹಕ್ಕು ಯಾಕೆ ಬೇಕು ಎಂದು ಕೇಳುವುದು ಇನ್ನೂ ಸರಿಯಾದ ದಾರಿ.

ಕೇಳಿಬಂದ ಪ್ರಶ್ನೆಗಳು

"ನುಡಿ ಫಾಂಟುಗಳನ್ನು ಎಲ್ಲ ಯಂತ್ರಗಳಿಗೂ ಲಾಗಾನ್ ಸ್ಕ್ರಿಪ್ಟಿನಲ್ಲಿ ಹಾಕಿಸುತ್ತಿದ್ದೇವೆ, ಆಗುತ್ತಿಲ್ಲ" ಎಂದು ಒಬ್ಬರು ಕೇಳಿದರು. ಲಾಗಾನ್ ಸ್ಕ್ರಿಪ್ಟ್ ಬಳಕೆದಾರರ ಹಕ್ಕಿನಲ್ಲಿ ರನ್ ಆಗುತ್ತದೆ, ವಿಂಡೋಸ್‌ನ ಫಾಂಟ್ಸ್ ಫೋಲ್ಡರಿಗೆ ಬರೆಯುವ ಹಕ್ಕು ಅವರಿಗಿಲ್ಲ. ಅದನ್ನು ಸ್ಟಾರ್ಟಪ್ ಸ್ಕ್ರಿಪ್ಟಿಗೆ ಬದಲಿಸಿ, ಅದು ಲೋಕಲ್ ಸಿಸ್ಟಮ್ ಹಕ್ಕಿನಲ್ಲಿ ರನ್ ಆಗುತ್ತದೆ. ಫೈಲ್ ನಕಲಿಸಿದರೆ ಮಾತ್ರ ಸಾಲದು, ರಿಜಿಸ್ಟ್ರಿಯ ಫಾಂಟ್ಸ್ ಪಟ್ಟಿಯಲ್ಲೂ ಹೆಸರು ಸೇರಬೇಕು. ಫಾಂಟ್ ಇಟ್ಟಿರುವ ಹಂಚಿಕೆಗೆ "ಡೊಮೇನ್ ಕಂಪ್ಯೂಟರ್ಸ್"ಗೆ ಓದುವ ಹಕ್ಕು ಕೊಡಿ, ಯಾಕೆಂದರೆ ಆಗ ಸರ್ವರಿನ ಬಾಗಿಲು ತಟ್ಟುವುದು ಕಂಪ್ಯೂಟರಿನ ಅಕೌಂಟ್. ಸಂಜೆ ಶಟ್‌ಡೌನ್ ಮಾಡಿ ಬೆಳಿಗ್ಗೆ ಹಚ್ಚಿದರೂ ಸ್ಟಾರ್ಟಪ್ ಸ್ಕ್ರಿಪ್ಟ್ ರನ್ ಆಗದಿದ್ದರೆ ಫಾಸ್ಟ್ ಸ್ಟಾರ್ಟಪ್ ಆನ್ ಆಗಿರುತ್ತದೆ. ಅದು ನಿಜವಾದ ಬೂಟ್ ಅಲ್ಲ. ರೀಸ್ಟಾರ್ಟ್ ಮಾಡಿದರೆ ರನ್ ಆಗುತ್ತದೆ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದರೆ ದಿನವೂ ಆಗುತ್ತದೆ.

ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪ್ ಬಗ್ಗೆ ಇನ್ನೊಂದು ಪ್ರಶ್ನೆ. ಅವರು ಮೊದಲು ವಿಂಡೋಸ್‌ಗೆ ಲಾಗಿನ್ ಆಗಿ, ಚಹಾ ಕುಡಿದು, ಆಮೇಲೆ ವಿಪಿಎನ್ ಹಾಕುತ್ತಾರೆ. ಲಾಗಿನ್ ಆದ ಕ್ಷಣದಲ್ಲಿ ಡೊಮೇನ್ ಕಂಟ್ರೋಲರ್ ಇಲ್ಲವೇ ಇಲ್ಲ, ಸ್ಕ್ರಿಪ್ಟ್ ಬರುವುದಾದರೂ ಎಲ್ಲಿಂದ? ಲಾಗಿನ್‌ಗೆ ಮೊದಲೇ ಏಳುವ ವಿಪಿಎನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸ್ಕ್ರಿಪ್ಟಿನ ಪ್ರತಿಯನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟು, ನೆಟ್‌ವರ್ಕ್ ಸಂಪರ್ಕವಾದ ಈವೆಂಟಿಗೆ ಟಾಸ್ಕ್ ಷೆಡ್ಯೂಲರ್ ಕಟ್ಟಿ. 500 ಕೆಬಿಪಿಎಸ್‌ಗಿಂತ ನಿಧಾನದ ಲಿಂಕಿನಲ್ಲಿ ಗ್ರೂಪ್ ಪಾಲಿಸಿಯ ಸ್ಕ್ರಿಪ್ಟ್ ಭಾಗ ಮೂಲತಃ ಅನ್ವಯವಾಗುವುದಿಲ್ಲ ಎಂಬುದೂ ತಿಳಿದಿರಲಿ. ಆಕ್ಟಿವ್ ಡೈರೆಕ್ಟರಿಗೆ ಸೇರದೆ ಮೈಕ್ರೋಸಾಫ್ಟಿನ ಕ್ಲೌಡ್ ಡೈರೆಕ್ಟರಿಯಾದ ಎಂಟ್ರಾಗೆ ಮಾತ್ರ ಸೇರಿದ ಲ್ಯಾಪ್‌ಟಾಪಿಗೆ ನೆಟ್‌ಲಾಗಾನ್ ಸ್ಕ್ರಿಪ್ಟ್ ಬರುವುದೇ ಇಲ್ಲ, ಅಲ್ಲಿ ಯಂತ್ರಗಳನ್ನು ಕ್ಲೌಡಿನಿಂದ ನೋಡಿಕೊಳ್ಳುವ ಇಂಟ್ಯೂನ್ ಮೂಲಕವೇ ಕೊಡಬೇಕು.

"ಡ್ರೈವ್ ಜೋಡಿಸಲು ಸ್ಕ್ರಿಪ್ಟ್ ಬೇಕೇ?" ಎಂದು ಕೊನೆಯ ಪ್ರಶ್ನೆ. ಬರೀ ಡ್ರೈವಿಗಾದರೆ ಬೇಡ. ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್‌ನ ಡ್ರೈವ್ ಮ್ಯಾಪ್ಸ್ ಸಾಕು, ಯಾವ ಗುಂಪಿಗೆ ಯಾವ ಡ್ರೈವ್ ಎಂದು ಒಂದೇ ಕಡೆ ಹೇಳಬಹುದು, ಐದು ನಿಮಿಷದ ಕಾಯುವಿಕೆಯೂ ಇಲ್ಲ. ಆಕ್ಷನ್ ಜಾಗದಲ್ಲಿ "ಅಪ್‌ಡೇಟ್" ಇರಲಿ. "ರಿಪ್ಲೇಸ್" ಹಾಕಿದರೆ ಪಾಲಿಸಿ ಅನ್ವಯವಾದಾಗಲೆಲ್ಲ ಡ್ರೈವನ್ನು ಕಿತ್ತು ಮತ್ತೆ ಜೋಡಿಸುತ್ತದೆ, ತೆರೆದಿರುವ ಫೈಲಿನ ಮೇಲೆ ಅದರ ಹೊಡೆತ ಬೀಳುತ್ತದೆ. ವಿಬಿಸ್ಕ್ರಿಪ್ಟಿನಲ್ಲಿ ಬರೆದ ಹಳೆಯ ಲಾಗಾನ್ ಸ್ಕ್ರಿಪ್ಟುಗಳಿದ್ದರೆ ಮೊದಲು ಅವನ್ನು ಬದಲಿಸಲು ಶುರುಮಾಡಿ. ಆ ಭಾಷೆಯನ್ನು ವಿಂಡೋಸ್‌ನಿಂದ ಹಂತಹಂತವಾಗಿ ತೆಗೆಯುವುದಾಗಿ ಮೈಕ್ರೋಸಾಫ್ಟ್ 2023ರ ಅಕ್ಟೋಬರಿನಲ್ಲೇ ತಿಳಿಸಿದೆ. ನೆಟ್‌ಲಾಗಾನ್ ಫೋಲ್ಡರ್ ತೆರೆದು .ವಿಬಿಎಸ್ ಎಂದು ಕೊನೆಯಾಗುವ ಫೈಲುಗಳನ್ನು ಎಣಿಸಿ, ಯಾವ ಬಳಕೆದಾರರ ಪ್ರೊಫೈಲ್ ಟ್ಯಾಬಿನಲ್ಲಿ, ಯಾವ ಪಾಲಿಸಿಯಲ್ಲಿ ಅವುಗಳ ಹೆಸರಿದೆ ಎಂದು ಪಟ್ಟಿ ಮಾಡಿಕೊಳ್ಳಿ. ಕೆಲಸ ಅಲ್ಲಿಂದ ಶುರುವಾಗಲಿ.